ಮಳೆ ಬಂದ್ರೆ ಇಎಲ್‌ಸಿಬಿ ಬೀಳ್ತದಾ? ಹೊಸದು ತರುವ ಮೊದಲು ಲೀಕ್ ಹುಡುಕಿ

ಜೂನ್ ತಿಂಗಳು ಹಿಡಿದ್ರೆ ಸಾಕು, ಉಡುಪಿ ಕಡೆಯಿಂದ ಫೋನ್ ಬರ್ಲಿ ಮಂಗಳೂರು ಕಡೆಯಿಂದ ಬರ್ಲಿ, ಒಂದೇ ಮಾತು, "ಇಎಲ್‌ಸಿಬಿ ನಿಲ್ಲುದೇ ಇಲ್ಲ ಮಾರಾಯ್ರೆ, ಎತ್ತಿದ್ರೆ ಪುನಃ ಬೀಳ್ತದೆ, ಹೊಸದು ಯಾವುದು ಹಾಕುದು ಒಮ್ಮೆ ಹೇಳಿ." ಇಎಲ್‌ಸಿಬಿ ಅಂದ್ರೆ ಕರೆಂಟ್ ಎಲ್ಲಾದ್ರೂ ನೆಲಕ್ಕೆ ಸೋರಿದ್ರೆ, ಅಂದ್ರೆ ಲೀಕ್ ಆದ್ರೆ, ಲೈನ್ ಕಟ್ ಮಾಡುವ ಸ್ವಿಚ್, ಬೀಳುದು ಅಂದ್ರೆ ಅದು ತಾನಾಗಿ ಆಫ್ ಆಗುದು. ನಾನು ವಯರಿಂಗ್ ಕೆಲಸಕ್ಕೆ ಇಳಿದು 18 ವರ್ಷ ಆಯ್ತು, ಈ ಪ್ರಶ್ನೆಗೆ ಫೋನಲ್ಲೇ ಉತ್ತರ ಹೇಳ್ಲಿಕ್ಕೆ ಆಗುದಿಲ್ಲ, ಯಾಕಂದ್ರೆ ಹಳೇದು ಯಾಕೆ ಬೀಳ್ತಾ ಉಂಟು ಅಂತ ಗೊತ್ತಾಗದೆ ಹೊಸದು ಯಾವುದು ಅಂತ ಹೇಳುದು ಹೇಗೆ. ಅಂಗಡಿಗೆ ಹೋಗಿ 30 ಮಿಲಿಆಂಪಿಂದು, ಅಂದ್ರೆ ಅಷ್ಟು ಚಿಕ್ಕ ಲೀಕಿಗೇ ಬೀಳುವಂಥದ್ದು, ತೆಗೆದು 100 ಹಾಕಿದ್ರೆ ಬೀಳುದು ನಿಲ್ಲಬಹುದು, ಆದ್ರೆ ಲೀಕ್ ಅಲ್ಲೇ ಉಂಟು, ಅದನ್ನು ಹಿಡಿಯುವವ ಮಾತ್ರ ಇಲ್ಲ. ಇನ್ನು ಕೆಲವು ಕಡೆ ಇಎಲ್‌ಸಿಬಿಯನ್ನು ತಪ್ಪಿಸಿ ಅದರ ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ಸೀದಾ ತುಂಡು ವಯರ್ ಹಾರಿಸಿ ಬಿಟ್ಟಿರ್ತಾರೆ, ಮನೆಯವರಿಗೆ ಗೊತ್ತೇ ಇಲ್ಲ, ಲಿವರ್ ಮೇಲೆ ಉಂಟಲ್ಲಾ ಅಂತ ಧೈರ್ಯದಲ್ಲಿ ಮಲಗ್ತಾರೆ. ಅಂಥ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಕಂಡ್ರೆ ನನಗೆ ಎದೆ ಧಸಕ್ ಅಂತದೆ.

ಮೊದಲು ಹೆಸರಿನ ವಿಷಯ. ನಮ್ಮಲ್ಲಿ ಎಲ್ಲರೂ ಇಎಲ್‌ಸಿಬಿ ಅಂತಾರೆ, ಅಂಗಡಿಯಲ್ಲೂ ಹಾಗೆ ಕೇಳಿದ್ರೇ ಸಿಗುದು, ಆದ್ರೆ ಈಗ ಸಿಗುವುದೆಲ್ಲ ಆರ್‌ಸಿಸಿಬಿ. ಹಳೇ ಕಾಲದ ಇಎಲ್‌ಸಿಬಿ ಅರ್ಥ್ ವಯರಿನ ವೋಲ್ಟೇಜ್ ನೋಡಿ ಬೀಳುವಂಥದ್ದು, ಅದು ಈಗ ಚಾಲ್ತಿಯಲ್ಲಿ ಇಲ್ಲ. ಆರ್‌ಸಿಸಿಬಿ ಒಳಗೆ ಒಂದು ಬಳೆ ತರ ಕಬ್ಬಿಣದ ಕೋರ್ ಉಂಟು, ಫೇಸ್ ಮತ್ತೆ ನ್ಯೂಟ್ರಲ್ ಎರಡೂ ಅದರ ಒಳಗಿಂದಲೇ ಹೋಗ್ತದೆ. ಫೇಸಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲಲ್ಲಿ ವಾಪಸ್ ಬಂದ್ರೆ ಲೆಕ್ಕ ಸರಿ, ಎಲ್ಲೋ ಸ್ವಲ್ಪ ಮಣ್ಣಿಗೆ, ಗೋಡೆಗೆ ಅಥವಾ ಮನುಷ್ಯನ ಮೈಯಿಂದ ನೆಲಕ್ಕೆ ಹೋಯ್ತು ಅಂದ್ರೆ ಲೆಕ್ಕ ತಪ್ತದೆ, ಕೂಡ್ಲೇ ಬೀಳ್ತದೆ. 30 ಮಿಲಿಆಂಪ್ ಅಂತ ಬರೆದದ್ದು ನಿಜವಾಗಿ 15ರಿಂದ 30ರ ನಡುವೆ ಎಲ್ಲಿ ಬೇಕಾದ್ರೂ ಬೀಳಬಹುದು, ಸ್ಟ್ಯಾಂಡರ್ಡ್ ಪ್ರಕಾರವೇ ಹಾಗೆ. ಹಾಗಾಗಿ ಪಕ್ಕದ ಮನೆಯದ್ದು ನಿಲ್ತದೆ ನಮ್ಮದು ಬೀಳ್ತದೆ ಅಂತ ಹೋಲಿಸಿ ಉಪಯೋಗ ಇಲ್ಲ.

ಈಗ ಕಾಪು ಹತ್ತಿರದ ನಮ್ಮ ದೊಡ್ಡಮ್ಮನ ಮನೆಯ ಕತೆ ಹೇಳ್ತೇನೆ, ಯಾಕಂದ್ರೆ ಹುಡುಕುವ ದಾರಿ ಪೂರ್ತಿ ಅದರಲ್ಲೇ ಉಂಟು. ಹಂಚಿನ ಮನೆ, ಮುರಕಲ್ಲಿನ ಗೋಡೆ, ಹಿಂದೆ ಅಡಿಕೆ ತೋಟ, ತೋಟದ ಮೂಲೆಯಲ್ಲಿ ಬಾವಿ ಮತ್ತೆ ಪಂಪ್ ಶೆಡ್. ಮಳೆಗಾಲ ಶುರುವಾದ ಮೇಲೆ ಬೆಳಿಗ್ಗೆ ಗೀಸರ್ ಹಾಕಿದ ಕೂಡ್ಲೇ ಇಡೀ ಮನೆ ಆಫ್. ಎಲ್ಲರಿಗೂ ಗೀಸರ್ ಮೇಲೆ ಡೌಟ್, ಹಾಗೆ ಹೊಸ ಗೀಸರ್ ತಂದು ಹಾಕಿಸಿದ್ರು, ನಾಲ್ಕು ದಿನ ಮಳೆ ಬಿಟ್ಟಿತ್ತು, ಇಎಲ್‌ಸಿಬಿ ಬೀಳದೆ ನಿಂತಿತು, ಐದನೇ ದಿನ ಪುನಃ ಅದೇ ಕತೆ. ಆಮೇಲೆ ಯಾರೋ ಬಂದು 30 ತೆಗೆದು 100 ಮಿಲಿಆಂಪಿಂದು ಹಾಕಿ ಹೋದ್ರು, ಒಂದು ವಾರ ಸುಮ್ಮನಿತ್ತು, ಮನೆಗೆ ನೆಂಟರು ಬಂದ ದಿನ ಗೀಸರ್, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ ಎಲ್ಲ ಒಟ್ಟಿಗೆ ಓಡುವಾಗ ಅದೂ ಬಿತ್ತು. ಆಗ ನನಗೆ ಫೋನ್ ಬಂತು.

ನಾನು ಹೋದವ ಮೊದಲು ಕೇಳಿದ್ದು ಯಾವಾಗ ಬೀಳ್ತದೆ ಅಂತ. ಇದನ್ನು ನೀವೂ ಎರಡು ಮೂರು ದಿನ ಕ್ಯಾಲೆಂಡರಿನಲ್ಲಿ ಬರೆದಿಡಿ, ಎಲೆಕ್ಟ್ರಿಷನ್ ಬಂದಾಗ ಅರ್ಧ ಕೆಲಸ ಮುಗಿದ ಹಾಗೆ. ಎತ್ತಿದ ಕೂಡ್ಲೇ ಬೀಳ್ತದಾ, ಒಂದೇ ಒಂದು ಸಾಮಾನಿನ ಸ್ವಿಚ್ ಹಾಕಿದಾಗ ಮಾತ್ರವಾ, ಯಾವ ದೊಡ್ಡ ಲೋಡ್ ಹಾಕಿದ್ರೂ ಬೀಳ್ತದಾ, ಜೋರು ಮಳೆ ಬಂದು ಅರ್ಧ ಗಂಟೆ ಆದ ಮೇಲೆಯಾ, ಸಿಡಿಲು ಬಡಿದಾಗ ಮಾತ್ರವಾ, ಇಲ್ಲ ಕರೆಂಟ್ ಹೋಗಿ ವಾಪಸ್ ಬರುವಾಗವಾ. ಸಿಡಿಲಿಗೆ ವರ್ಷಕ್ಕೆ ಒಂದೆರಡು ಸಲ ಬಿದ್ದು ಎತ್ತಿದ್ರೆ ನಿಲ್ತದೆ ಅಂತಾದ್ರೆ ತಲೆ ಕೆಡಿಸ್ಕೊಳ್ಳುವ ಅಗತ್ಯ ಇಲ್ಲ. ಒಂದೇ ಸಾಮಾನಿಗೆ ಬೀಳುದಾದ್ರೆ ಅದರ ಪ್ಲಗ್ ಕಿತ್ತು ನೋಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲುದಿಲ್ಲ, ಪ್ಲಗ್ಗೇ ಕೀಳಬೇಕು, ಯಾಕೆ ಅಂತ ಈಗ ಗೊತ್ತಾಗ್ತದೆ.

ಎಲ್ಲರೂ ಮಾಡುವ ಮೊದಲ ಪರೀಕ್ಷೆ, ಎಲ್ಲಾ ಎಂಸಿಬಿ, ಅಂದ್ರೆ ಒಂದೊಂದು ಲೈನಿಗೆ ಇರುವ ಓವರ್‌ಲೋಡ್ ಸ್ವಿಚ್, ಕೆಳಗೆ ಹಾಕಿ ಆರ್‌ಸಿಸಿಬಿ ಒಂದನ್ನೇ ಎತ್ತುದು, ನಿಂತ್ರೆ ಒಂದೊಂದೇ ಎಂಸಿಬಿ ಎತ್ತುತ್ತಾ ಬರುದು, ಯಾವುದಕ್ಕೆ ಬೀಳ್ತದೋ ಆ ಲೈನಲ್ಲಿ ದೋಷ. ಇದು ಒಳ್ಳೇ ಪರೀಕ್ಷೆಯೇ, ಫೇಸಿಂದ ಅರ್ಥಿಗೆ ಲೀಕ್ ಆದ್ರೆ ಹೀಗೆ ಸಿಗ್ತದೆ. ಆದ್ರೆ ದೊಡ್ಡಮ್ಮನ ಮನೆಯಲ್ಲಿ ಈ ಪರೀಕ್ಷೆಯಲ್ಲಿ ಗೀಸರ್ ಎಂಸಿಬಿಗೇ ಬಿತ್ತು. ಗೀಸರ್ ಹೊಸದು, ಅದರ ವಯರ್ ಕಿತ್ತು ಮೆಗ್ಗರ್, ಅಂದ್ರೆ ಇನ್ಸುಲೇಷನ್ ಸರಿ ಉಂಟಾ ಅಂತ ಅಳೆಯುವ ಮೀಟರ್, ಹಾಕಿದ್ರೆ ಪೂರ್ತಿ ಕ್ಲೀನ್. ಗೀಸರ್ ಬದಲು ಇಸ್ತ್ರಿ ಪೆಟ್ಟಿಗೆ ಹಾಕಿದೆ, ಬಿತ್ತು. ಇಂಡಕ್ಷನ್ ಹಾಕಿದೆ, ಅದಕ್ಕೂ ಬಿತ್ತು. ಇಲ್ಲಿ ನಿಂತು ಸ್ವಲ್ಪ ಯೋಚನೆ ಮಾಡ್ಬೇಕು. ಯಾವ ದೊಡ್ಡ ಲೋಡ್ ಹಾಕಿದ್ರೂ ಬೀಳ್ತದೆ ಅಂದ್ರೆ ತಪ್ಪು ಲೋಡಿಂದಲ್ಲ, ಎಲ್ಲೋ ನ್ಯೂಟ್ರಲ್ ಅರ್ಥಿಗೆ ತಾಗ್ತಾ ಉಂಟು.

ಇದನ್ನು ಬಿಡಿಸಿ ಹೇಳ್ಬೇಕು. ನಮ್ಮ ಮನೆಗಳ ಡಿಬಿ ಬಾಕ್ಸಲ್ಲಿ, ಅಂದ್ರೆ ಎಲ್ಲ ಲೈನ್ ಹಂಚುವ ಪೆಟ್ಟಿಗೆಯಲ್ಲಿ, ಎಂಸಿಬಿ ಎಲ್ಲ ಸಿಂಗಲ್ ಪೋಲ್, ಅದು ಫೇಸ್ ಮಾತ್ರ ಕಟ್ ಮಾಡುದು. ನ್ಯೂಟ್ರಲ್ ಎಲ್ಲ ಒಂದು ಹಿತ್ತಾಳೆಯ ಲಿಂಕಿಗೆ ಸೇರಿ ಯಾವಾಗ್ಲೂ ಕನೆಕ್ಟ್ ಆಗಿಯೇ ಇರ್ತದೆ. ನೀವು ಪಂಪಿನ ಎಂಸಿಬಿ ಆಫ್ ಮಾಡಿದ್ರೂ ಪಂಪಿನ ನ್ಯೂಟ್ರಲ್ ವಯರ್ ತೋಟದ ತುದಿಯವರೆಗೆ ಡಿಬಿಗೆ ಅಂಟಿಕೊಂಡೇ ಉಂಟು. ಆ ವಯರ್ ಎಲ್ಲೋ ಅರ್ಥಿಗೆ ತಾಗಿದ್ರೆ ನ್ಯೂಟ್ರಲಲ್ಲಿ ವಾಪಸ್ ಹೋಗ್ಬೇಕಾದ ಕರೆಂಟಿನ ಒಂದು ಪಾಲು ಆ ದಾರಿಯಲ್ಲಿ ಮಣ್ಣಿಗೆ ಇಳಿದು ಹೋಗ್ತದೆ. ಮನೆಯಲ್ಲಿ ಲೋಡ್ ಕಮ್ಮಿ ಇದ್ರೆ ಆ ಪಾಲು ಚಿಕ್ಕದು, ಬೀಳುದಿಲ್ಲ. ಗೀಸರ್ ಹಾಕಿದ್ರೆ ಎಂಟೂವರೆ ಒಂಬತ್ತು ಆಂಪ್ ಓಡ್ತದೆ, ಕಂಬದಿಂದ ಮನೆವರೆಗಿನ ಸರ್ವಿಸ್ ವಯರಲ್ಲಿ ನ್ಯೂಟ್ರಲಿನ ವೋಲ್ಟೇಜ್ ಒಂದೆರಡು ವೋಲ್ಟ್ ಏರ್ತದೆ, ಆ ಪಾಲು ದೊಡ್ಡದಾಗ್ತದೆ, ಡಬ್ ಅಂತ ಬೀಳ್ತದೆ. ಊರಲ್ಲಿ ಎಲ್ಲ ಮನೆಯ ಲೈಟು ಟಿವಿ ಹಾಕುವ ಸಂಜೆ ಏಳು ಗಂಟೆಗೆ ನಿಮ್ಮ ಮನೆಯಲ್ಲಿ ಎಂತ ಹಾಕದಿದ್ರೂ ಬೀಳ್ತದೆ ಅಂತ ಕೆಲವರು ಹೇಳ್ತಾರಲ್ಲ, ಅದೂ ಇದೇ ಕಾರಣಕ್ಕೆ, ಲೈನಿನ ನ್ಯೂಟ್ರಲ್ ಒಟ್ಟಾರೆ ಸ್ವಲ್ಪ ಏರಿರ್ತದೆ.

ನಾನು ದೊಡ್ಡಮ್ಮನ ಮನೆಯಲ್ಲಿ ನ್ಯೂಟ್ರಲ್ ಮತ್ತೆ ಅರ್ಥ್ ನಡುವೆ ಮೀಟರ್ ಇಟ್ಟು ನೋಡಿದೆ, ಗೀಸರ್ ಇಲ್ಲದಾಗ 1 ವೋಲ್ಟ್ ಚಿಲ್ಲರೆ, ಗೀಸರ್ ಹಾಕಿದ ಕ್ಷಣ 3ರ ಹತ್ತಿರ ಹೋಗಿ ಡಬ್. ಇದು ಸಿಕ್ಕಿದ ಮೇಲೆ ಕೆಲಸ ಸುಲಭ, ಆದ್ರೆ ತಾಳ್ಮೆ ಬೇಕು. ಮೈನ್ ಆಫ್ ಮಾಡಿ ನ್ಯೂಟ್ರಲ್ ಲಿಂಕಿಂದ ಒಂದೊಂದೇ ವಯರ್ ಬಿಚ್ಚಬೇಕು, ಬಿಚ್ಚಿದ್ದಕ್ಕೆ ಟೇಪ್ ಸುತ್ತಿ ನಂಬರ್ ಬರೀಬೇಕು, ಇಲ್ಲದಿದ್ರೆ ವಾಪಸ್ ಹಾಕುವಾಗ ಅದೇ ಹೊಸ ದೋಷ ಆಗ್ತದೆ. ಬಿಚ್ಚಿದ ಪ್ರತಿ ನ್ಯೂಟ್ರಲಿಗೂ ಅರ್ಥಿಗೂ ನಡುವೆ ಅಳೀಬೇಕು. ಅಡುಗೆ ಮನೆಯದ್ದು ಸರಿ, ಮಲಗುವ ಕೋಣೆಯದ್ದು ಸರಿ, ಬಚ್ಚಲಿಂದು ಸರಿ. ಕೊನೆಗೆ ಉಳಿದದ್ದು ಪಂಪಿನ ಲೈನ್, ದೊಡ್ಡಮ್ಮ ಬಾಗಿಲ ಹತ್ತಿರ ನಿಂತು, "ಮಗಾ, ಅದು ಆಫ್ ಮಾಡಿ ತಿಂಗಳಾಯ್ತು, ಮಳೆಗಾಲದಲ್ಲಿ ತೋಟಕ್ಕೆ ನೀರು ಯಾರು ಬಿಡ್ತಾರೆ, ಅದರದ್ದು ಎಂತದೂ ತೊಂದ್ರೆ ಇಲ್ಲ" ಅಂದ್ರು. ಮೀಟರ್ ಇಟ್ರೆ 40 ಓಮ್. ಸರಿ ಇರುವ ಲೈನಲ್ಲಿ 500 ವೋಲ್ಟಿನ ಮೆಗ್ಗರಿಗೆ ಕಡಿಮೆ ಅಂದ್ರೂ 1 ಮೆಗಾ ಓಮ್ ಬರ್ಬೇಕು, ಅಂದ್ರೆ ಹತ್ತು ಲಕ್ಷ ಓಮ್. ಇಲ್ಲಿ ಬರೀ 40.

ಕೊಡೆ ಹಿಡ್ಕೊಂಡು ಶೆಡ್ಡಿಗೆ ಹೋದ್ವಿ. ಪಂಪಿನ ಸ್ಟಾರ್ಟರ್ ತಗಡಿನ ಡಬ್ಬಿ, ಕೇಬಲ್ ಒಳಗೆ ಬರುವ ತೂತಿಗೆ ರಬ್ಬರ್ ಬುಶ್ ಇರ್ಲಿಲ್ಲ. ಪ್ರತಿ ಬೇಸಿಗೆಯಲ್ಲಿ ಪಂಪ್ ಓಡುವಾಗ ಡಬ್ಬಿ ನಡುಗಿ ನಡುಗಿ, ತಗಡಿನ ಅಂಚು ಕಪ್ಪು ವಯರಿನ ಮೇಲೆ ಗರಗಸದ ಹಾಗೆ ಉಜ್ಜಿ, ಒಂದು ಅಕ್ಕಿ ಕಾಳಿನಷ್ಟು ಜಾಗದಲ್ಲಿ ತಾಮ್ರ ಹೊರಗೆ ಬಂದಿತ್ತು. ಆ ತಾಮ್ರ ಹಸಿರು ಹಿಡಿದಿತ್ತು, ಸುತ್ತ ತಗಡಿಗೆ ತುಕ್ಕು, ತುಕ್ಕಿನ ಮೇಲೆ ಮಾಡಿನ ನೀರು ತೊಟ್ಟಿಕ್ಕಿ ಒದ್ದೆ. ಡಬ್ಬಿಗೆ ಅರ್ಥ್ ಸರಿಯಾಗಿ ಕೊಟ್ಟಿದ್ರು, ಹಾಗಾಗಿ ನ್ಯೂಟ್ರಲ್ ಸೀದಾ ಅರ್ಥಿಗೆ. ಬಿಸಿಲಿಗೆ ಒಣಗಿದ್ರೆ ತುಕ್ಕಿನ ಪದರ ಅಡ್ಡ ನಿಲ್ತದೆ, ಮಳೆ ಬಂದ್ರೆ ತಾಗ್ತದೆ, ಅದಕ್ಕೇ ನಾಲ್ಕು ದಿನ ಮಳೆ ಬಿಟ್ಟಾಗ ಹೊಸ ಗೀಸರಿಂದ ಸರಿಯಾಯ್ತು ಅಂತ ಎಲ್ಲರಿಗೂ ಅನಿಸಿದ್ದು. ವಯರ್ ಕತ್ತರಿಸಿ ಹೊಸ ತುಂಡು ಹಾಕಿ ತೂತಿಗೆ ಬುಶ್ ಕೂರಿಸಿದೆ, ಒಂದು ಗಂಟೆಯ ಕೆಲಸವೂ ಅಲ್ಲ. ಗೀಸರಿಗೆ ಹಾಕಿದ ದುಡ್ಡು ನೆನೆದು ದೊಡ್ಡಮ್ಮ ತುಂಬಾ ಹೊತ್ತು ಮಾತಾಡ್ಲಿಲ್ಲ, ನನಗೂ ಬೇಜಾರಾಯ್ತು.

ಡಿಬಿ ಮುಚ್ಚಳ ಬಿಚ್ಚುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷನ್ನಿಂದಲೇ ಮಾಡಿಸಿ, ಇದು ಸುಮ್ಮನೆ ಹೇಳುವ ಮಾತಲ್ಲ. ಮನೆಯೊಳಗಿನ ಮೈನ್ ಆಫ್ ಮಾಡಿದ ಮೇಲೂ ಮೀಟರ್ ಕಡೆಯಿಂದ ಮೈನಿಗೆ ಬರುವ ವಯರಲ್ಲಿ ಕರೆಂಟ್ ಇರ್ತದೆ, ಇನ್ವರ್ಟರ್ ಇರುವ ಮನೆಯಲ್ಲಿ ಅದನ್ನೂ ಬೇರೆಯೇ ಆಫ್ ಮಾಡ್ಬೇಕು. ಮೆಗ್ಗರ್ ಹಾಕುವ ಮೊದಲು ಟಿವಿ, ಮೋಡೆಮ್, ಎಲ್ಇಡಿ ಲೈಟ್ ಎಲ್ಲ ಕಳಚಿ, 500 ವೋಲ್ಟ್ ಹೋದ್ರೆ ಅವು ಸುಟ್ಟು ಹೋಗಬಹುದು.

ಎಲ್ಲ ಲೈನ್ ಸರಿ ಉಂಟು ಆದ್ರೂ ಬೀಳ್ತದೆ ಅಂತಾದ್ರೆ ಆರ್‌ಸಿಸಿಬಿಯದ್ದೇ ದೋಷವಾ ಅಂತ ನೋಡುವ ದಾರಿ ಉಂಟು, ಔಟ್‌ಪುಟ್ ಎರಡೂ ವಯರ್ ಬಿಚ್ಚಿ ಬರೀ ಇನ್‌ಪುಟ್ ಇಟ್ಟು ಎತ್ತಿ. ನಿಲ್ಲದಿದ್ರೆ ಅದು ಹೋಯ್ತು ಅಂತ ಲೆಕ್ಕ. ಸಮುದ್ರದ ಹತ್ತಿರ, ಮಲ್ಪೆ, ಉಳ್ಳಾಲ, ಪಣಂಬೂರು ಕಡೆಯ ಮನೆಗಳಲ್ಲಿ ಉಪ್ಪಿನ ಗಾಳಿಗೆ ಸ್ಕ್ರೂ ತುಕ್ಕು ಹಿಡಿದು ಟರ್ಮಿನಲ್ ಬಿಸಿಯಾಗಿ ಕಪ್ಪಾದದ್ದನ್ನು ನಾನು ಸುಮಾರು ಸಲ ನೋಡಿದ್ದೇನೆ. ಅಲ್ಲಿ ಡಿಬಿಯನ್ನು ಹೊರಗಿನ ಜಗಲಿಯಲ್ಲಿ ಇಡ್ಲೇಬೇಡಿ, ಒಳಗೆ ಒಣಗಿದ ಗೋಡೆಯಲ್ಲಿ ಇಡಿ.

ಹೊಸ ಮನೆಯಲ್ಲಿ ಅಥವಾ ಹೊಸದಾಗಿ ಎರಡು ಆರ್‌ಸಿಸಿಬಿ ಹಾಕಿದ ಮನೆಯಲ್ಲಿ ಬರುವ ತೊಂದರೆ ಬೇರೆ ಜಾತಿಯದ್ದು. ಲೈಟ್ ಹಾಕಿದ್ರೂ ಬೀಳ್ತದೆ, ಲೀಕ್ ಎಲ್ಲೂ ಇಲ್ಲ, ಮೆಗ್ಗರ್ ಪಸಂದ್ ತೋರಿಸ್ತದೆ. ಆಗ ನ್ಯೂಟ್ರಲ್ ಅದಲುಬದಲು ಆಗಿದೆ ಅಂತ ತಿಳ್ಕೊಳ್ಳಿ. ಫೇಸ್ ಒಂದನೇ ಆರ್‌ಸಿಸಿಬಿಯಿಂದ ಹೋಗಿ ನ್ಯೂಟ್ರಲ್ ಎರಡನೇದಕ್ಕೆ ವಾಪಸ್ ಬಂದ್ರೆ ಎರಡಕ್ಕೂ ಲೆಕ್ಕ ತಪ್ತದೆ, ಒಂದು ಅಥವಾ ಎರಡೂ ಬೀಳ್ತದೆ. ಮೆಟ್ಟಿಲಿನ ಟು-ವೇ ಲೈಟಿಗೆ ಮೇಲಿನ ಮಹಡಿಯಿಂದ ಫೇಸ್, ಕೆಳಗಿನಿಂದ ನ್ಯೂಟ್ರಲ್ ಕೊಟ್ಟಿರ್ತಾರಲ್ಲ, ಅದು ಇದಕ್ಕೆ ಪಕ್ಕಾ ಉದಾಹರಣೆ. ಪ್ರತಿ ಆರ್‌ಸಿಸಿಬಿಗೂ ಅದರದ್ದೇ ಬೇರೆ ನ್ಯೂಟ್ರಲ್ ಲಿಂಕ್ ಇರ್ಬೇಕು, ಇನ್ನೊಂದರ ಜೊತೆ ಸೇರ್ಬಾರ್ದು.

ಇನ್ವರ್ಟರಲ್ಲೂ ಇದೇ ತಪ್ಪು ಆಗ್ತದೆ. ಇನ್ವರ್ಟರಿಗೆ ಹೋಗುವ ಫೇಸ್ ಆರ್‌ಸಿಸಿಬಿ ಆದ ಮೇಲಿಂದ, ಅದರ ಲೈಟುಗಳ ನ್ಯೂಟ್ರಲ್ ಮಾತ್ರ ಆರ್‌ಸಿಸಿಬಿಗೆ ಮೊದಲಿನ ಲಿಂಕಿಗೆ ಸಿಕ್ಕಿಸಿದ್ರೆ, ಕರೆಂಟ್ ಇರುವಾಗ ಫ್ಯಾನ್ ಹಾಕಿದ್ರೆ ಬೀಳ್ತದೆ, ಕರೆಂಟ್ ಹೋದಾಗ ಅದೇ ಫ್ಯಾನ್ ಚೆಂದ ಓಡ್ತದೆ. ಈ ಲಕ್ಷಣ ಕಂಡ್ರೆ ಬೇರೆ ಎಲ್ಲೂ ಹುಡುಕ್ಬೇಡಿ. ಮತ್ತೊಂದು ವಿಷಯ ನೆನಪಿಡಿ, ಬ್ಯಾಟರಿ ಮೇಲೆ ಓಡುವಾಗ ಮೈನಲ್ಲಿರುವ ಆರ್‌ಸಿಸಿಬಿ ಬಿದ್ರೂ ಇನ್ವರ್ಟರ್ ಔಟ್‌ಪುಟ್ ಕಟ್ ಆಗುದಿಲ್ಲ, ಯಾಕಂದ್ರೆ ಕರೆಂಟ್ ಹುಟ್ಟುದೇ ಅದರ ಈಚೆ ಕಡೆ. ನಮ್ಮಲ್ಲಿ ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುದು ಎಲ್ಲರಿಗೂ ಗೊತ್ತುಂಟು, ಆ ಹೊತ್ತಿಗೆ ಇನ್ವರ್ಟರ್ ಲೈನಿಗೆ ರಕ್ಷಣೆ ಬೇಕಾದ್ರೆ ಅದರ ಔಟ್‌ಪುಟ್‌ಗೆ ಬೇರೆ 30 ಮಿಲಿಆಂಪಿಂದು ಹಾಕಿಸಿ, ಹಾಕಿದ ಮೇಲೆ ಬ್ಯಾಟರಿ ಮೇಲೆ ಇರುವಾಗ ಬೀಳ್ತದಾ ಅಂತ ಪರೀಕ್ಷೆ ಮಾಡಿಸಿಯೇ ಎಲೆಕ್ಟ್ರಿಷನ್ನನ್ನು ಕಳಿಸಿ.

ಈಗ ಯಾವುದು ತರುದು ಅನ್ನುವ ಪ್ರಶ್ನೆಗೆ ಬರುವ. ಮನುಷ್ಯರು ಮುಟ್ಟುವ ಯಾವ ಲೈನಿಗೂ 30 ಮಿಲಿಆಂಪ್, ಇದರಲ್ಲಿ ಚೌಕಾಸಿ ಇಲ್ಲ. 10 ಮಿಲಿಆಂಪ್ ಹತ್ತಿರ ಬಂದ್ರೆ ಕೈಯ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡ್ಲಿಕ್ಕೆ ಕಷ್ಟ ಆಗ್ತದೆ, 30 ದಾಟಿ ಸ್ವಲ್ಪ ಹೊತ್ತು ಹರಿದ್ರೆ ಹೃದಯದ ಬಡಿತ ತಪ್ಪುವ ಅಪಾಯ ಶುರು. ಒಳ್ಳೇ ಆರ್‌ಸಿಸಿಬಿ 30 ಮಿಲಿಆಂಪಿಗೆ 300 ಮಿಲಿಸೆಕೆಂಡ್ ಒಳಗೆ ಬೀಳಬೇಕು, 150 ಮಿಲಿಆಂಪಿಗೆ 40 ಮಿಲಿಸೆಕೆಂಡ್ ಒಳಗೆ. 100 ಮತ್ತೆ 300 ಮಿಲಿಆಂಪಿನವು ಇರುದು ಬೆಂಕಿ ತಡೀಲಿಕ್ಕೆ, ಮೈನಲ್ಲಿ ಹಾಕ್ಲಿಕ್ಕೆ, ಅದರ ಕೆಳಗೆ 30ರದ್ದು ಇದ್ರೆ ಮಾತ್ರ. ಹಾಗೆ ಹಾಕುವಾಗ ಮೇಲಿನದ್ದು ಎಸ್ ಗುರುತಿನ, ತಡವಾಗಿ ಬೀಳುವ ಜಾತಿಯದ್ದಾಗಿರ್ಲಿ, ಇಲ್ಲದಿದ್ರೆ ಜೋರು ಲೀಕಿಗೆ ಎರಡೂ ಒಟ್ಟಿಗೆ ಬಿದ್ದು ಎಲ್ಲಿ ತೊಂದರೆ ಅಂತ ಗೊತ್ತಾಗುದಿಲ್ಲ.

ದೋಷ ಇಲ್ಲದ ಮನೆಯಲ್ಲೂ ಸ್ವಲ್ಪ ಸ್ವಲ್ಪ ಸೋರಿಕೆ ಇದ್ದೇ ಇರ್ತದೆ. ಕಂಪ್ಯೂಟರ್, ವಾಷಿಂಗ್ ಮೆಷಿನ್, ಇನ್ವರ್ಟರ್ ಎಸಿ ಒಳಗೆ ಫಿಲ್ಟರ್ ಕೆಪಾಸಿಟರ್ ಇರ್ತದೆ, ಅದು ಸರಿ ಇದ್ರೂ ಅರ್ಥಿಗೆ ಸ್ವಲ್ಪ ಕರೆಂಟ್ ಬಿಡ್ತದೆ. ಎಲ್ಲ ಸೇರಿ ಒಂದು 30 ಮಿಲಿಆಂಪಿನ ಆರ್‌ಸಿಸಿಬಿ ಕೆಳಗೆ ಒಂಬತ್ತು ಮಿಲಿಆಂಪ್ ಮೀರ್ಬಾರ್ದು ಅಂತ ಲೆಕ್ಕ ಇಟ್ಕೊಳ್ಳಿ, ಅಂದ್ರೆ ಶೇಕಡಾ 30. ಅದನ್ನು ಅಳೀಲಿಕ್ಕೆ ಮಿಲಿಆಂಪ್ ತೋರಿಸುವ ಲೀಕೇಜ್ ಕ್ಲಾಂಪ್ ಮೀಟರ್ ಬೇಕು, ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರ ಬಾಯಿಯೊಳಗೆ ಹಾಕಿ ಓದುದು, ಸಾಧಾರಣ ಕ್ಲಾಂಪ್ ಮೀಟರಿಗೆ ಅಷ್ಟು ಚಿಕ್ಕದು ಕಾಣುದಿಲ್ಲ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದು ಎಲ್ಲ ಸೇರಿ 14, 15 ಬಂದ್ರೆ ನೆವನ ಸಿಕ್ಕಿದ್ರೆ ಸಾಕು ಬೀಳ್ತದೆ. ಅದಕ್ಕೆ ಉತ್ತರ 100 ಅಲ್ಲ, ಲೈನನ್ನು ಹಂಚುದು. ನನ್ನ ಅಭಿಪ್ರಾಯ ಕೇಳಿದ್ರೆ ಗೀಸರ್, ಪಂಪ್, ಅಡುಗೆ ಮನೆ, ವಾಷಿಂಗ್ ಮೆಷಿನ್ ಇವಕ್ಕೆ ಒಂದೊಂದು ಆರ್‌ಸಿಬಿಒ ಹಾಕಿಸಿ. ಆರ್‌ಸಿಬಿಒ ಅಂದ್ರೆ ಎಂಸಿಬಿ ಮತ್ತೆ ಆರ್‌ಸಿಸಿಬಿ ಎರಡೂ ಒಂದರಲ್ಲೇ, ಹೊರಗೆ ಹೋಗುವ ನ್ಯೂಟ್ರಲನ್ನೂ ಕಟ್ ಮಾಡುವ ಡಬಲ್ ಪೋಲ್ ತಗೊಳ್ಳಿ, ಆಗ ದೊಡ್ಡಮ್ಮನ ಮನೆಯ ತರದ ದೋಷ ಇದ್ರೂ ಆ ಒಂದನ್ನು ಆಫ್ ಮಾಡಿ ಉಳಿದ ಮನೆ ಓಡಿಸಬಹುದು. ದುಡ್ಡು ಅಷ್ಟು ಇಲ್ಲ ಅಂದ್ರೆ ಕಡೇಪಕ್ಷ ಎರಡು ಆರ್‌ಸಿಸಿಬಿ, ಒಂದು ಹೊರಗಿನ ಮತ್ತೆ ನೀರಿನ ಲೈನಿಗೆ, ಒಂದು ಒಳಗಿನದ್ದಕ್ಕೆ. ಫ್ರಿಜ್ಜನ್ನು ಒಳಗಿನದ್ದಕ್ಕೆ ಹಾಕಿ, ಎರಡು ದಿನ ಮದುವೆಗೆ ಅಂತ ಹೋಗಿ ಬರುವಾಗ ಫ್ರಿಜ್ಜಲ್ಲಿಟ್ಟ ಬಂಗುಡೆ ನಾರುವ ಪರಿಸ್ಥಿತಿ ಬರುದು ಬೇಡ.

ಆಂಪ್ ವಿಷಯದಲ್ಲಿ ತುಂಬಾ ಜನ ತಪ್ಪು ತಿಳ್ಕೊಳ್ತಾರೆ. 25, 40, 63 ಆಂಪ್ ಅಂತ ಬರೆದದ್ದು ಅದು ತಾಳುವ ಕರೆಂಟ್, ಅಷ್ಟಕ್ಕೆ ಅದು ಬೀಳುದಿಲ್ಲ, ಓವರ್‌ಲೋಡ್ ನೋಡುವ ಅಂಶ ಆರ್‌ಸಿಸಿಬಿಯಲ್ಲಿ ಇಲ್ಲವೇ ಇಲ್ಲ. ಮೇಲೆ 32 ಆಂಪ್ ಎಂಸಿಬಿ ಇದ್ರೆ 40ರ ಆರ್‌ಸಿಸಿಬಿ ಹಾಕಿ, ಕಡಿಮೆ ಹಾಕಿದ್ರೆ ಒಳಗೆ ಸುಟ್ಟು ಹೋಗ್ತದೆ. ತ್ರೀ ಫೇಸ್ ಮನೆಗೆ ನಾಲ್ಕು ಪೋಲಿಂದು, ನ್ಯೂಟ್ರಲನ್ನು ಎನ್ ಗುರುತಿನ ಟರ್ಮಿನಲಿಗೇ ಕೊಡ್ಬೇಕು. ಐಎಸ್ಐ ಮಾರ್ಕ್ ಮತ್ತೆ ಐಎಸ್ 12640 ನಂಬರ್ ಉಂಟಾ ನೋಡಿ. ಆಮೇಲೆ ಕ್ಯಾಟಲಾಗಲ್ಲಿ ಅದು ಎಲೆಕ್ಟ್ರಾನಿಕ್ ಜಾತಿಯದ್ದಾ, ವೋಲ್ಟೇಜ್ ಅವಲಂಬನೆ ಇಲ್ಲದ್ದಾ ಅಂತ ಕೇಳಿ, ಎಲೆಕ್ಟ್ರಾನಿಕ್ಕಿಗೆ ಕೆಲಸ ಮಾಡ್ಲಿಕ್ಕೆ ಲೈನ್ ವೋಲ್ಟೇಜ್ ಬೇಕು, ಮಳೆಗಾಳಿಗೆ ಮರದ ಗೆಲ್ಲು ಬಿದ್ದು ಕಂಬದಲ್ಲಿ ನ್ಯೂಟ್ರಲ್ ತುಂಡಾದ್ರೆ ಫೇಸ್ ಇರ್ತದೆ, ಅದು ಮಾತ್ರ ಸತ್ತು ಕೂತಿರ್ತದೆ. ನಮ್ಮ ಊರಿಗೆ ವೋಲ್ಟೇಜ್ ಅವಲಂಬನೆ ಇಲ್ಲದ್ದೇ ಆಗ್ಬೇಕು.

ಟೈಪ್ ಅನ್ನುವ ಸಂಗತಿ ಅಂಗಡಿಯಲ್ಲಿ ಯಾರೂ ಹೇಳುದಿಲ್ಲ, ಮೇಲಿನ ಗುರುತು ನೋಡಿ ನೀವೇ ತಿಳ್ಕೊಳ್ಬೇಕು. ಒಂದು ಪೂರ್ತಿ ಅಲೆ ಮಾತ್ರ ಇದ್ರೆ ಎಸಿ ಟೈಪ್, ಅದರ ಕೆಳಗೆ ಅರ್ಧ ಅಲೆಯ ಗುಡ್ಡಗಳೂ ಇದ್ರೆ ಎ ಟೈಪ್, ಅದರ ಜೊತೆ ಒಂದು ಸೀದಾ ಗೆರೆ ಒಂದು ತುಂಡು ಗೆರೆ ಇದ್ರೆ ಬಿ ಟೈಪ್. ಎಸಿ ಟೈಪ್ ಬರೀ ಎಸಿ ಕರೆಂಟಿನ, ಅಂದ್ರೆ ದಿಕ್ಕು ಬದಲಿಸ್ತಾ ಹರಿಯುವ ಕರೆಂಟಿನ, ಲೀಕ್ ಮಾತ್ರ ನೋಡುದು, ಗೀಸರ್, ಇಸ್ತ್ರಿ ಪೆಟ್ಟಿಗೆಗೆ ಸಾಕು. ಆದ್ರೆ ಈಗ ಮನೆ ತುಂಬಾ ಎಲೆಕ್ಟ್ರಾನಿಕ್ ಸಾಮಾನು, ಇಂಡಕ್ಷನ್, ಎಲ್ಇಡಿ, ಕಂಪ್ಯೂಟರ್, ಇವು ಕೆಟ್ಟಾಗ ಲೀಕ್ ಕರೆಂಟಲ್ಲಿ ಡಿಸಿ, ಅಂದ್ರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ, ಅಂಶ ಸೇರ್ತದೆ, ಆಗ ಆ ಬಳೆಯ ಕೋರ್ ಒಂದೇ ಕಡೆಗೆ ಮ್ಯಾಗ್ನೆಟ್ ಆಗಿ ಕುರುಡಾಗ್ತದೆ, ನಿಜವಾದ ಲೀಕ್ ಬಂದ್ರೂ ಬೀಳುದಿಲ್ಲ. ಹಾಗಾಗಿ ಹೊಸದಾಗಿ ಹಾಕುದಾದ್ರೆ ಎ ಟೈಪಿಗಿಂತ ಕಮ್ಮಿ ಬೇಡ. ಇನ್ವರ್ಟರ್ ಎಸಿ ಮತ್ತೆ ಇನ್ವರ್ಟರ್ ಮೋಟಾರಿನ ವಾಷಿಂಗ್ ಮೆಷಿನಿಗೆ ಎಫ್ ಟೈಪ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಎಲೆಕ್ಟ್ರಿಕ್ ಕಾರಿನ ಚಾರ್ಜರಿಗೆ ಬಿ ಟೈಪ್ ಬೇಕು, ಇಲ್ಲ ಚಾರ್ಜರ್ ಒಳಗೇ 6 ಮಿಲಿಆಂಪ್ ಡಿಸಿ ಹಿಡಿಯುವ ವ್ಯವಸ್ಥೆ ಇದ್ರೆ ಎ ಟೈಪ್ ಸಾಕು. ಬಿ ಟೈಪನ್ನು ಮನೆಯ ಎಸಿ ಟೈಪ್ ಅಥವಾ ಎ ಟೈಪ್ ಆರ್‌ಸಿಸಿಬಿಯ ಕೆಳಗೆ ಹಾಕ್ಬೇಡಿ, ಮೀಟರಿಂದ ಬೇರೆಯೇ ಲೈನ್ ಎಳೀರಿ, ಇಲ್ಲದಿದ್ರೆ ಕಾರಿನ ಡಿಸಿ ಲೀಕ್ ಮೇಲಿನದ್ದನ್ನು ಕುರುಡು ಮಾಡ್ತದೆ.

ಅರ್ಥಿಂಗ್ ಸರಿ ಉಂಟು, ಮತ್ತೆ ಯಾಕೆ ಇದೆಲ್ಲ ಅಂತ ಕೇಳುವವರಿಗೆ ಒಂದು ಲೆಕ್ಕ. ಮುರಕಲ್ಲಿನ ನೆಲ ಮಳೆಗಾಲದಲ್ಲಿ ತೇವ, ಏಪ್ರಿಲ್ ಮೇ ತಿಂಗಳಲ್ಲಿ ಒಣ ಇಟ್ಟಿಗೆಯ ಹಾಗೆ. ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಅಂತ ಇಟ್ಕೊಳ್ಳಿ, ಫೇಸ್ ಗೀಸರ್ ಬಾಡಿಗೆ ತಾಗಿದ್ರೆ 230 ಭಾಗ 20, ಹನ್ನೊಂದೂವರೆ ಆಂಪ್. 16 ಆಂಪಿನ ಎಂಸಿಬಿ ಇದಕ್ಕೆ ಬೀಳುದೇ ಇಲ್ಲ, ಬಾಡಿಯಲ್ಲಿ ಕರೆಂಟ್ ನಿಂತೇ ಇರ್ತದೆ, ನಲ್ಲಿ ಮುಟ್ಟಿದವರ ಗತಿ ಎಂತ. 30 ಮಿಲಿಆಂಪಿಂದು ಇದ್ರೆ ಅದೇ ಕ್ಷಣಕ್ಕೆ ಬೀಳ್ತದೆ. ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ, ಆದ್ರೆ ಅದನ್ನೇ ನಂಬಿ ಕೂರ್ಬೇಡಿ. ಹಾಗೇ ಆರ್‌ಸಿಸಿಬಿ ಇದ್ರೂ ಒಂದು ಕೈಯಲ್ಲಿ ಫೇಸ್ ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದ್ರೆ ಅದಕ್ಕೆ ಗೊತ್ತಾಗುದಿಲ್ಲ, ಅದರ ಲೆಕ್ಕದಲ್ಲಿ ನೀವೂ ಒಂದು ಬಲ್ಬ್.

ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಅದು ಒಳಗಿನ ಒಂದು ರೆಸಿಸ್ಟರ್ ಮೂಲಕ ಸುಳ್ಳು ಲೀಕ್ ಮಾಡಿ ಯಂತ್ರ ಬೀಳ್ತದಾ ಅಂತ ನೋಡುದು ಅಷ್ಟೇ, ನಿಮ್ಮ ಅರ್ಥಿಂಗ್ ಸರಿ ಉಂಟಾ ಅಂತ ಅದು ಹೇಳುದಿಲ್ಲ. ಒತ್ತಿದಾಗ ಬೀಳದಿದ್ರೆ ಅದೇ ದಿನ ಬದಲಿಸಿ. ಅಂಗಳದಲ್ಲಿ ಕೋಲ, ನೇಮ, ಮದುವೆ ಅಂತ ಸೀರಿಯಲ್ ಲೈಟ್ ಕಟ್ಟುವ ಹಿಂದಿನ ದಿನವಂತೂ ಮರೀದೆ ಒತ್ತಿ, ಆ ಲೈಟುಗಳ ಲೈನ್ 30 ಮಿಲಿಆಂಪಿನ ಆರ್‌ಸಿಸಿಬಿ ಕೆಳಗೇ ಉಂಟಾ ಅಂತ ಲೈಟಿನವರ ಹತ್ತಿರ ಕೇಳಿ, ಒದ್ದೆ ನೆಲ, ಬರಿಗಾಲು, ಜನ ತುಂಬಿರ್ತಾರೆ.

ದೊಡ್ಡಮ್ಮನ ಮನೆಯಲ್ಲಿ 100 ಮಿಲಿಆಂಪಿಂದು ತೆಗೆದು 40 ಆಂಪಿನ 30 ಮಿಲಿಆಂಪ್ ಎ ಟೈಪ್ ಹಾಕಿದೆ, ಪಂಪಿಗೆ ಬೇರೆಯೇ ಡಬಲ್ ಪೋಲ್ ಆರ್‌ಸಿಬಿಒ. ಆಮೇಲೆ ಗೀಸರ್, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ ಮೂರನ್ನೂ ಒಟ್ಟಿಗೆ ಹಾಕಿ ಹೊರಗೆ ಮಳೆ ಸುರೀತಾ ಇರುವಾಗಲೇ ಅರ್ಧ ಗಂಟೆ ಕೂತೆ, ನಿಂತಿತು. ಇಡೀ ಮನೆಯ ಲೀಕೇಜ್ 3 ಮಿಲಿಆಂಪಿನ ಆಸುಪಾಸು ಬಂತು. ಡಿಬಿ ಮುಚ್ಚಳದ ಒಳಗೆ ಯಾವ ನಂಬರ್ ಯಾವ ಕೋಣೆ ಅಂತ ಬರೆದ ಚೀಟಿ ಅಂಟಿಸಿದ್ದೇನೆ, ಅಕ್ಟೋಬರ್ ಕಳೆದು ತೋಟದ ಪಂಪ್ ಶುರು ಮಾಡುವ ಮೊದಲು ಆ ಲೈನಿಗೆ ಇನ್ನೊಮ್ಮೆ ಮೆಗ್ಗರ್ ಹಾಕ್ಲಿಕ್ಕುಂಟು.